ನಡುವಿನ ಚುಕ್ಕಿ

ಮಗಳು ಹೆರಿಗೆಗೆ ಆಸ್ಪತ್ರೆ ಸೇರುವ ಹಿಂದಿನ ದಿನ ನಾವು ಸೀರೆ ಕೊಳ್ಳಲು ಮದ್ರಾಸಿನ ಟಿ. ನಗರಕ್ಕೆ ಹೋಗಿದ್ದೆವು. ಉಡುವ ಸೀರೆಯಲ್ಲ, ಕಟ್ಟುವ ಸೀರೆ. ಹೆರಿಗೆಯಾದ ಮೇಲೆ ಬಾಣಂತಿಯ ಹೊಟ್ಟೆಗೆ ಮೆತ್ತನೆಯ ನೂಲಿನ ಸೀರೆ ಸುತ್ತಿ ಬಿಗಿಯುವುದು ನಮ್ಮಲ್ಲಿ ವಾಡಿಕೆ. ಅದಕ್ಕೆ ಹಳೆಯ ಸೀರೆಯೇ ಆಗಬೇಕು. ಆದರೆ ನಮ್ಮ ಮನೆಯಲ್ಲಿ ನೂಲಿನ ಸೀರೆ ಉಡುತ್ತಿದ್ದ ನನ್ನ ತಾಯಿ ಹೋಗಿ ಬಹಳ ಕಾಲವಾಗಿತ್ತು. ನನ್ನ ಹೆಂಡತಿಯ ಬೀರುವಿನಲ್ಲಿ ಇದ್ದದ್ದೆಲ್ಲ ಇಸ್ತ್ರಿ ಬೇಡದ ಪಾಲಿಯೆಸ್ಟರ್. ಹೊಸದು ತಂದು ನಾಲ್ಕು ಸಲ ಒಗೆದು ಹಳೆಯದು ಮಾಡೋಣ ಎಂದು ಅವಳೇ ಹೇಳಿದಳು.

ಮಗಳೂ ಬಂದಳು. ದಿನ ತುಂಬಿದ ಬಸುರಿ ಆ ಜನಜಂಗುಳಿಯಲ್ಲಿ ಬರಬೇಡ ಎಂದರೆ ಕೇಳಲಿಲ್ಲ. ಅಂಗಡಿಯವನು ಬಣ್ಣ ಯಾವುದು ಬೇಕೆಂದು ಒಂದೊಂದೇ ಬಿಚ್ಚಿ ತೋರಿಸುತ್ತಿದ್ದ. ಸ್ಟೂಲಿನ ಮೇಲೆ ಕುಳಿತಿದ್ದ ಇವಳು ಹೊಟ್ಟೆ ಮುಟ್ಟಿ ತೋರಿಸಿ, "ಅಣ್ಣಾ, ಕಲರ್ ಎದುವಾ ಇರುಂದಾಲುಂ ಪರವಾಯಿಲ್ಲ. ಇದುಕ್ಕು ಪತ್ತುಮಾ, ಅದ ಸೊಲ್ಲುಂಗ" ಎಂದಳು. ಬಣ್ಣ ಹೇಗಾದರೂ ಇರಲಿ, ಇದಕ್ಕೆ ಸಾಲುತ್ತದೆಯೇ ಹೇಳಿ ಅಂತ. ಅಂಗಡಿಯವನು ನಕ್ಕು ಎಲ್ಲಕ್ಕಿಂತ ಉದ್ದದ್ದನ್ನು ತೆಗೆದುಕೊಟ್ಟ. ತಿಳಿ ಹಳದಿ, ಕೆಂಪು ಅಂಚು.

ನನ್ನ ಮಗಳು ಮನೆಯಲ್ಲಿ ಕನ್ನಡ ಕೇಳಿಸಿಕೊಳ್ಳುತ್ತಿದ್ದಳು, ಉತ್ತರ ತಮಿಳಿನಲ್ಲಿ ಕೊಡುತ್ತಿದ್ದಳು. ಶಾಲೆಗೆ ಸೇರಿದಾಗಿನಿಂದ ಹಾಗೆಯೇ. ನಾವೂ ಅದಕ್ಕೆ ಒಗ್ಗಿಹೋಗಿದ್ದೆವು. ಅವಳು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಸಂಜೆ ನಮ್ಮ ಮಾಧವರಂ ಮನೆಯ ನಡುಮನೆಯಲ್ಲಿ ಕಾಲೋನಿಯ ಹುಡುಗರಿಗೆ ಪಾಠ ಹೇಳುತ್ತಿದ್ದ ಕಾಲದ ಕರಿಹಲಗೆ ಇನ್ನೂ ಗೋಡೆಯ ಮೇಲಿತ್ತು.

ಸೀರೆ ಕೊಂಡು ಹೊರಗೆ ಬಂದಾಗ ಅವಳಿಗೆ ಮಾವಿನಕಾಯಿ ತಿನ್ನಬೇಕೆನಿಸಿತು. ಗಾಡಿಯವಳು ಹೋಳು ಮಾಡಿ ಖಾರದಪುಡಿ ಉದುರಿಸಿದಳು. ನಾನು ಆ ಪುಡಿಯನ್ನು ಬೆರಳಿನಿಂದ ತೀಡಿ ನೋಡಿದೆ. ನಮ್ಮದು ಒಣಮೆಣಸಿನಕಾಯಿ ವ್ಯಾಪಾರ. ನನ್ನ ತಂದೆ ಬ್ಯಾಡಗಿಯಿಂದ ಮದ್ರಾಸಿಗೆ ಬಂದು ಹಾಕಿದ ಅಂಗಡಿ.

"ಬಣ್ಣ ಹಾಕ್ಯಾರ" ಎಂದೆ.

"ಇಂಗೇಯುಮಾಪ್ಪಾ?" ಎಂದಳು. ಇಲ್ಲಿಯೂ ಶುರುವಾಯಿತೇ ಎಂದು. ಅವಳ ತಾಯಿ, "ಸತ್ತಮ್ಯಾಲೂ ಮೆಣಸಿನಕಾಯಿ ತೀಡಿ ನೋಡೂ ಮನಶ್ಯಾ ಇವ" ಎಂದಳು. ಮೂವರೂ ನಕ್ಕೆವು. ಮನೆಗೆ ಬಂದು ಸೀರೆ ಒಗೆದು ಮಾಳಿಗೆಯ ಮೇಲೆ ಹಾಕಿದೆವು. ಚಿತ್ತಿರೈ ತಿಂಗಳ ಕಡು ಬೇಸಿಗೆಯ ಬಿಸಿಲು, ಹರವಿ ಕೆಳಗಿಳಿಯುವಷ್ಟರಲ್ಲಿ ಒಣಗಿತ್ತು. ಮತ್ತೆ ಒಗೆದಳು. ಮತ್ತೆ ಒಣಗಿತು.

ಮರುದಿನ ಬೆಳಿಗ್ಗೆ ಮಗಳಿಗೆ ನೀರು ಒಡೆಯಿತು.

ಆಸ್ಪತ್ರೆಯಲ್ಲಿ ನೋವು ಬಂದು ಬಂದು ನಿಲ್ಲುತ್ತಿತ್ತು. ಆ ದಿನ ಹೋಯಿತು. ಅದರ ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದು ಇನ್ನು ಕಾಯುವುದು ಬೇಡ, ಕೊಯ್ದು ತೆಗೆಯುತ್ತೇವೆ ಎಂದರು. ಹೆಣ್ಣುಮಗು. ತೂಕ ಚೆನ್ನಾಗಿತ್ತು. ಅಳಿಯ ಮೈಸೂರು ಕಡೆಯವನು. ಕೋಡಂಬಾಕ್ಕಂನಲ್ಲಿ ಇಬ್ಬರೂ ಬಾಡಿಗೆ ಮನೆ ಮಾಡಿಕೊಂಡಿದ್ದರು. ಅವನು ಮಗುವನ್ನು ಹಿಡಿದುಕೊಳ್ಳಲು ಹೆದರಿ, "ಮಾವ, ನೀವೇ ಎತ್ಕೊಳ್ಳಿ, ನನ್ ಕೈ ನಡುಗ್ತಿದೆ" ಎಂದ. ನಾನು ಎತ್ತಿಕೊಂಡೆ.

ಮೂರನೆಯ ದಿನ ಮಗಳ ರಕ್ತ ತೆಗೆದರು. ಸಂಜೆ ಡಾಕ್ಟರಮ್ಮ ನಮ್ಮಿಬ್ಬರನ್ನೂ, ಅಂದರೆ ನನ್ನನ್ನೂ ಅಳಿಯನನ್ನೂ, ಮಗಳ ಮಂಚದ ಹತ್ತಿರ ನಿಲ್ಲಿಸಿ ವಿವರಿಸಿದರು. ಮೈಯಲ್ಲಿ ಎಲ್ಲಿಯಾದರೂ ಬೇನೆ ಎದ್ದರೆ ರಕ್ತದಲ್ಲಿ ಸಿಆರ್‌ಪಿ ಎಂಬುದು ಏರುತ್ತದೆ. ಕೊಯ್ದ ಮೇಲೆ ಎಲ್ಲರಿಗೂ ಏರುತ್ತದೆ, ಇವಳಿಗೂ ಏರಿದೆ. ಈಗ ಮೂರಂಕಿಯಲ್ಲಿದೆ. ಅದಷ್ಟರಿಂದ ಹೆದರಬೇಕಿಲ್ಲ. ಆದರೆ ಇಷ್ಟು ಹೊತ್ತಿಗೆ ಇಳಿಯಲು ಶುರುವಾಗಬೇಕು. ನೀರು ಒಡೆದು ಬಹಳ ಹೊತ್ತಾಗಿದ್ದರಿಂದ ಗಾಯದಲ್ಲಿ ಕೀವಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಮನೆಗೆ ಹೋದ ಮೇಲೆ ಏಳನೆಯ ದಿನ ಮತ್ತೊಮ್ಮೆ ರಕ್ತ ಕೊಡಬೇಕು. ಲ್ಯಾಬಿನವರು ಮನೆಗೇ ಬಂದು ತೆಗೆದುಕೊಂಡು ಹೋಗುತ್ತಾರೆ. ಇಳಿದಿದ್ದರೆ ಸರಿ. ಹಾಗೇ ನಿಂತಿದ್ದರೆ, ಇಲ್ಲವೇ ಏರಿದ್ದರೆ, ಗಾಯ ಮೇಲೆ ಎಷ್ಟೇ ಚೆಂದ ಕಾಣಲಿ, ಕೂಡಲೇ ಕರೆದುಕೊಂಡು ಬನ್ನಿ. ಗಾಯಕ್ಕೆ ಗಾಳಿಯಾಡಲಿ. ಜ್ವರ ನೋಡುತ್ತಿರಿ.

ಅವರು ಹೋದ ಮೇಲೆ ನಾನು ಮಗಳನ್ನು ಕೇಳಿದೆ. ನನ್ನ ಓದು ಹತ್ತನೆಯ ತರಗತಿಗೆ ನಿಂತದ್ದು. ಒಂದು ಸಲ ನೋಡಿ ಆಯಿತಲ್ಲ, ಮತ್ತೇಕೆ ಎಂದೆ.

"ಒರು ಪುಳ್ಳಿಯ ವೆಚ್ಚು ಕೋಡು ಪೋಡ ಮುಡಿಯುಮಾಪ್ಪಾ?" ಎಂದಳು. ಒಂದೇ ಚುಕ್ಕಿ ಇಟ್ಟುಕೊಂಡು ಗೆರೆ ಎಳೆಯಲು ಆಗುತ್ತದೆಯೇ? ಎರಡು ಚುಕ್ಕಿ ಇದ್ದರೆ ಮಾತ್ರ ಗೆರೆ ಮೇಲೆ ಹೋಗುತ್ತದೋ ಕೆಳಗೆ ಹೋಗುತ್ತದೋ ತಿಳಿಯುವುದು. ಹಾಸಿಗೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಏಳನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ. ನನಗೆ ಅರ್ಥವಾಯಿತು.

ಐದನೆಯ ದಿನ ಮನೆಗೆ ಕರೆತಂದೆವು. ಅಷ್ಟರಲ್ಲಿ ನನ್ನ ಹೆಂಡತಿಯ ಅಕ್ಕ ಬ್ಯಾಡಗಿಯಿಂದ ಬಂದಿದ್ದರು. ಮಗಳಿಗೆ ದೊಡ್ಡವ್ವ. ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತನಕ್ಕೆ ಅವರನ್ನೇ ಕರೆಯುತ್ತಿದ್ದರು. ಬರುವಾಗ ಲೋಬಾನ, ಅಂಟು, ಕೊಬ್ಬರಿ, ಅಳವಿ ಬೀಜ, ಜೊತೆಗೆ ಒಂದು ಮಣ್ಣಿನ ಅಗ್ಗಿಷ್ಟಿಕೆಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. "ನಿಮ್ಮ ಮದ್ರಾಸಿನ್ಯಾಗ ಇಂಥಾದ್ದು ಸಿಗತದೋ ಇಲ್ಲೋ" ಎಂದರು.

ಲಿಂಗ ಕಟ್ಟುವ ನಮ್ಮ ಜನರಲ್ಲಿ ಹೆರಿಗೆಯ ಮೈಲಿಗೆ ಎಂಬುದಿಲ್ಲ. ಆದರೂ ಬಾಣಂತಿಯ ಕೋಣೆಗೆ ಗಂಡಸರು ಹೋಗುವುದಿಲ್ಲ. ಅದು ಮಡಿಯ ಮಾತಲ್ಲ, ಸಂಕೋಚದ ಮಾತು. ಹಾಲುಣಿಸುತ್ತಿರುತ್ತಾರೆ, ಹೊಟ್ಟೆ ಕಟ್ಟುತ್ತಿರುತ್ತಾರೆ, ಹೊರಗಿನಿಂದ ಬಂದವರ ಜೊತೆ ಗಾಳಿಯೂ ಒಳಗೆ ಬರುತ್ತದೆ. ಹೀಗಾಗಿ ನಾನೂ ಅಳಿಯನೂ ನಡುಮನೆಯಲ್ಲಿ, ಬಾಗಿಲಿನ ಎದುರು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿರುತ್ತಿದ್ದೆವು. ನನ್ನ ಕೆಲಸ ಕೆಂಡ ಮಾಡಿಕೊಡುವುದು. ಹಿತ್ತಲಲ್ಲಿ ತೆಂಗಿನ ಚಿಪ್ಪು ಸುಟ್ಟು, ಅಗ್ಗಿಷ್ಟಿಕೆಯಲ್ಲಿ ತುಂಬಿ ಬಾಗಿಲ ಬಳಿ ಇಡುತ್ತಿದ್ದೆ. ಬಾಗಿಲು ಒಂದು ಗೇಣು ತೆರೆಯುತ್ತಿತ್ತು. ಬಳೆಯ ಕೈಯೊಂದು ಬಂದು ಅದನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಜೊತೆಗೆ ಒಳಗಿನ ಝಳ ನನ್ನ ಮುಖಕ್ಕೆ ಹೊಡೆಯುತ್ತಿತ್ತು.

ಹೊರಗೆ ಮದ್ರಾಸಿನ ಸೆಖೆ. ಒಳಗೆ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮಂಚದ ಕೆಳಗೆ ಕೆಂಡ. ಮಗಳಿಗೆ ತಲೆಗೂ ಕಿವಿಗೂ ಬಟ್ಟೆ. ಹೊಟ್ಟೆಗೆ ಟಿ. ನಗರದ ಆ ಹಳದಿ ಸೀರೆ.

"ಅಕ್ಕಾರ, ಗಾಯಕ್ಕ ಗಾಳಿ ಆಡಬೇಕು ಅಂದಾರ ಡಾಕ್ಟರು" ಎಂದು ನಾನು ಬಾಗಿಲ ಹೊರಗಿನಿಂದ ಹೇಳಿದೆ.

"ಗಾಯದ ಮ್ಯಾಲ ಕಟ್ಟಿಲ್ರಿ, ಅದಕ್ಕಿಂತ ಮ್ಯಾಗಡೆ ಕಟ್ಟೀನಿ" ಎಂದರು. "ಕಟ್ಟದಿದ್ರ ಹೊಟ್ಟಿ ಜೋತು ಬೀಳತದ. ನೀವು ಅಲ್ಲೇ ನಿಂದರ್ರಿ. ಇದು ಹೆಣ್ಣಮಕ್ಕಳ ಕೆಲಸ."

ಅವರು ಕೆಟ್ಟವರಲ್ಲ. ಇದನ್ನು ಓದುವವರು ಹಾಗೆ ತಿಳಿಯಬಾರದು. ರಾತ್ರಿಯೆಲ್ಲ ಕುಳಿತು ಮಗಳ ಕಾಲು ಒತ್ತುತ್ತಿದ್ದರು. ಮಗುವಿಗೆ ಎರೆದು, ಹೊಗೆ ಹಿಡಿದು, ಮೈ ತೀಡಿ ಮಲಗಿಸುತ್ತಿದ್ದರು. ಬಾಣಂತಿಯ ಮೈ ಬೆಚ್ಚಗಿರಬೇಕು ಎಂಬುದು ಅವರು ಸಣ್ಣಂದಿನಿಂದ ಕಂಡದ್ದು. ತಾವಾಗಿ ಹೆತ್ತವರ ಬಾಣಂತನ ಅವರಿಗೆ ಗೊತ್ತಿತ್ತು. ಕೊಯ್ಸಿಕೊಂಡವರ ಬಾಣಂತನ ಅವರು ಮಾಡಿರಲಿಲ್ಲ.

ಅಳಿಯ ಥರ್ಮಾಮೀಟರ್ ತಂದು ಬಾಗಿಲ ಸಂದಿಯಿಂದ ಒಳಗೆ ಕೊಟ್ಟ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ನನ್ನ ಹೆಂಡತಿ ಅಂಕಿ ಓದಿ ಹೇಳಿದಳು. ಅದು ಜ್ವರದ ಅಂಕಿಯೇ. ಅಳಿಯ ಎದ್ದು ನಿಂತ. "ಅತ್ತೆ, ಜಾಸ್ತಿ ಇದೆ ಅಲ್ವಾ?"

"ಕೋಣೀನ ಬೆಂಕಿ ಆಗೇತಪ್ಪಾ" ಎಂದರು ದೊಡ್ಡವ್ವ. "ಮೀಟರ್ ಪಾಪ ಏನ ಮಾಡೀತು? ನೀ ಬಂದು ಇಲ್ಲಿ ಕುಂದರು, ನಿಂಗೂ ಅಷ್ಟ ತೋರಸ್ತದ."

ಒಳಗೆ ನಗು. ಮಗಳೂ ನಕ್ಕಳು. ನನ್ನ ಹೆಂಡತಿ ಅದೇ ಥರ್ಮಾಮೀಟರನ್ನು ತಾನು ಇಟ್ಟುಕೊಂಡು ನೋಡಿದಳು. ಅವಳಿಗೂ ಮಾಮೂಲಿಗಿಂತ ಹೆಚ್ಚು ತೋರಿಸಿತು. ಅಲ್ಲಿಗೆ ಅದು ಮುಗಿಯಿತು. ಕೆಂಡದ ಬಿಸಿ, ಮೈಯ ಬಿಸಿ ಎರಡೂ ಒಂದರೊಳಗೊಂದು ಸೇರಿಹೋಗಿದ್ದವು. ಮೇಲೆ ನೋವಿಗೆಂದು ಕೊಟ್ಟ ಮಾತ್ರೆ. ಅದನ್ನು ನುಂಗಿದಾಗ ಬೆವರು ಬಂದು ಮೈ ತಣ್ಣಗಾಗುತ್ತಿತ್ತು. ತಾನು ತಿನ್ನಿಸಿದ ಲೇಹ್ಯ ಹತ್ತಿತು ಎಂದು ದೊಡ್ಡವ್ವ ಸಮಾಧಾನಪಡುತ್ತಿದ್ದರು.

ಆಗ ನನ್ನಲ್ಲಿ ಏನೋ ಕದಲಿತು ಎಂದು ಬರೆಯಬಹುದು. ಕದಲಿದ್ದು ನಿಜವೋ, ಈಗ ಹಾಗೆ ಅನ್ನಿಸುತ್ತದೆಯೋ ಗೊತ್ತಿಲ್ಲ. ನಮ್ಮ ಗೋದಾಮಿನಲ್ಲಿ ಮೆಣಸಿನಕಾಯಿ ಚೀಲ ಬಂದರೆ ಮೇಲಿನ ಬಣ್ಣ ನೋಡಿ ನಾನು ಇಳಿಸಿಕೊಳ್ಳುವುದಿಲ್ಲ. ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ತೂರಿಸುತ್ತೇನೆ. ಹಸಿ ಉಳಿದಿದ್ದರೆ ನಡುವೆ ಕಾವು ಕೂತಿರುತ್ತದೆ. ಮೇಲೆ ಕೆಂಪಗೆ ಗರಿಗರಿ ಇರುತ್ತದೆ, ಒಳಗೆ ಬೂಷ್ಟು. ಹೊರಗಿನ ಬಿಸಿಲು ಎಷ್ಟಿದ್ದರೂ ಆ ಕಾವೇ ಬೇರೆ, ಕೈಗೆ ಗೊತ್ತಾಗುತ್ತದೆ. ಬಾಗಿಲಿನಿಂದಾಚೆ ನಾನು ಕೈ ಚಾಚುವಂತಿರಲಿಲ್ಲ. ಏನು ಗಮನಿಸಬೇಕೆಂದು ಕೇಳಿಸಿಕೊಂಡು ಬಂದಿದ್ದ ಇಬ್ಬರು ಹೊರಗಿದ್ದೆವು. ನೋಡಬಲ್ಲವರು ಒಳಗಿದ್ದರು.

ಅದಕ್ಕೇ ನಾನು ಆ ಎರಡನೆಯ ರಕ್ತವನ್ನು ನೆಚ್ಚಿಕೊಂಡಿದ್ದೆ. ರಕ್ತಕ್ಕೆ ಮಂಚದ ಕೆಳಗಿನ ಕೆಂಡ ತಾಕುವುದಿಲ್ಲ. ಅದು ಮೈಯೊಳಗಿನದನ್ನು ಮಾತ್ರ ಹೇಳುತ್ತದೆ. ಇಳಿದಿದೆ ಎಂದು ಬಂದರೆ ನನ್ನ ಎದೆಯ ಭಾರ ಇಳಿಯುತ್ತದೆ, ಏರಿದೆ ಎಂದು ಬಂದರೆ ಯಾರನ್ನೂ ಕೇಳದೆ ಎತ್ತಿಕೊಂಡು ಹೋಗುತ್ತೇನೆ ಎಂದುಕೊಂಡಿದ್ದೆ. ಅಳಿಯನೂ ಲ್ಯಾಬಿಗೆ ಫೋನು ಮಾಡಿ ಹೊತ್ತು ಗೊತ್ತುಮಾಡಿದ್ದ.

ಆದರೆ ಆ ದಿನವೇ ಪೂಜೆ ಬಂದಿತ್ತು.

ಹುಟ್ಟಿದ ಐದನೆಯ ದಿನ ಸಟವಿ ತಾಯಿ ಬಂದು ಮಗುವಿನ ಹಣೆಯ ಮೇಲೆ ಬರೆಯುತ್ತಾಳೆ ಎಂದು ನಮ್ಮ ಕಡೆ ನಂಬಿಕೆ. ತೊಟ್ಟಿಲ ಬಳಿ ಪೂಜೆಗಿಟ್ಟು, ಎಡೆ ಹಿಡಿದು, ದೀಪ ಆರದಂತೆ ಕಾಯುತ್ತಾರೆ. ನಮಗೆ ಐದನೆಯ ದಿನ ಆಸ್ಪತ್ರೆಯಿಂದ ಬರುವುದರಲ್ಲೇ ಕಳೆದಿತ್ತು. ಹಾಗಾಗಿ ದೊಡ್ಡವ್ವ ಏಳನೆಯ ದಿನಕ್ಕೆ ಇಟ್ಟುಕೊಂಡರು. ಅಂದೇ ಮಗುವಿಗೆ ಲಿಂಗ ಕಟ್ಟಲು ಜಂಗಮ ಅಯ್ಯನವರಿಗೂ ಹೇಳಿ ಕಳಿಸಿದ್ದೆವು. ಮನೆಯಲ್ಲಿ ಬೆಳಿಗ್ಗೆಯೇ ಹೋಳಿಗೆಯ ಬೇಳೆ ಬೇಯುತ್ತಿತ್ತು.

ಲ್ಯಾಬಿನ ಹೆಣ್ಣುಮಗಳು ಹೇಳಿದ ಹೊತ್ತಿಗೆ ಬಂದಳು. ಹೆಗಲಿಗೆ ಚೀಲ, ಕೈಯಲ್ಲಿ ಹೆಲ್ಮೆಟ್. ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತರು.

"ಇವತ್ತ ರಕ್ತ ತಗೀಬ್ಯಾಡ್ರಿ" ಎಂದರು ನನಗೆ. "ತಾಯಿ ಬರಿಯಾಕ ಬರೂ ದಿನ. ಬಾಣಂತಿ ಮೈಯಿಂದ ರಕ್ತ ಹೋಗಬಾರದು. ನಾಳೆ ತಗೋಳ್ಳಿ, ನಾ ಏನ ಬ್ಯಾಡ ಅನ್ನಂಗಿಲ್ಲ."

"ಡಾಕ್ಟರು ಇವತ್ತೇ ಅಂದಾರ್ರಿ."

"ಡಾಕ್ಟರಿಗೆ ಇವತ್ತ ಪೂಜಿ ಐತಿ ಅಂತ ಗೊತ್ತೈತೇನು?"

ಅಳಿಯ ನನ್ನ ಮುಖ ನೋಡಿದ. ನಾನು ಬಾಗಿಲ ಕಡೆ ಮುಖ ಮಾಡಿ ಮಗಳನ್ನೇ ಕೇಳಿದೆ, ಏನು ಮಾಡೋಣವ್ವಾ ಎಂದು. ಒಳಗಿನಿಂದ ಅವಳ ದನಿ ಬಂತು. ತಮಿಳಿನಲ್ಲೇ. ದೊಡ್ಡವ್ವ ಇಷ್ಟೆಲ್ಲ ಮಾಡುತ್ತಿದ್ದಾರೆ, ಒಂದು ದಿನ ತಾನೇ, ನಾಳೆ ಬರಲಿ ಬಿಡಪ್ಪಾ. ಆಮೇಲೆ ನಗುತ್ತ ಸೇರಿಸಿದಳು: ಇವತ್ತು ತಾಯಿ ಬರೆಯಲಿ, ನಾಳೆ ಲ್ಯಾಬಿನವರು ಬರೆಯಲಿ.

ದನಿ ಸ್ವಲ್ಪ ಒಣಗಿತ್ತು. ಹೊಗೆಗೆ ಹಾಗಾಗಿದೆ ಅಂದುಕೊಂಡೆ.

"ಸರಿಂಗ ಸಾರ್, ನಾಳೈಕ್ಕು ವರೇನ್" ಎಂದು ಲ್ಯಾಬಿನ ಹೆಣ್ಣುಮಗಳು ಹೆಲ್ಮೆಟ್ ಹಾಕಿಕೊಂಡಳು. ಅವಳಿಗೆ ಹೋಗಬೇಕಾದ ಮನೆಗಳು ಇನ್ನೂ ಇದ್ದವು. ನಾನು ಗೇಟಿನವರೆಗೆ ಹೋದೆ. ಅವಳು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಯಾಕೋ ಅಲ್ಲೇ ನಿಂತಿದ್ದೆ.

ಪೂಜೆ ಚೆನ್ನಾಗಿ ಆಯಿತು. ಅಯ್ಯನವರು ಮಗುವಿಗೆ ಲಿಂಗ ಕಟ್ಟಿ ಹರಸಿದರು. ಮಗಳು ಹೋಳಿಗೆಯನ್ನು ಒಂದು ಚೂರು ಮುರಿದು ಬಿಟ್ಟಳಂತೆ. ಬಾಯಿ ಕಹಿ ಅಂದಳಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅಂದು ನನಗೆ ಕಂಡದ್ದು ಬಾಗಿಲ ಕೆಳಗಿನ ಸಂದಿಯಲ್ಲಿ ದೀಪದ ಬೆಳಕು ಮಾತ್ರ. ಅದು ಬೆಳಗಾಗುವವರೆಗೂ ಆರಲಿಲ್ಲ.

ಬೆಳಿಗ್ಗೆ ಕೆಂಡ ತೆಗೆದುಕೊಂಡು ಬಾಗಿಲ ಬಳಿ ಬಂದೆ. ಒಳಗೆ ದೊಡ್ಡವ್ವ ಮತ್ತು ನನ್ನ ಹೆಂಡತಿ ಮೆಲ್ಲಗೆ ಮಾತಾಡುತ್ತಿದ್ದರು. ಗಾಳಿ ಸೋಕೇತಿ, ಇನ್ನೊಂದು ಕಂಬಳಿ ಹೊದಸು. ಯಾರಾರ ಕಿಟಕಿ ತಗದಿದ್ರೇನು? ಆಗ ಮಗಳು ನನ್ನನ್ನು ಕರೆದಳು.

"ಯಪ್ಪಾ, ಥಂಡಿ ಹತ್ತೇತಿ. ಒಳಗ ಬಾ."

ಕನ್ನಡದಲ್ಲಿ. ನನ್ನ ತಾಯಿಯ ಕನ್ನಡದಲ್ಲಿ. ಅವಳು ನಾಲ್ಕೈದು ವರ್ಷದವಳಿದ್ದಾಗ ಅಜ್ಜಿಯ ಮಗ್ಗುಲಲ್ಲಿ ಮಲಗಿ ಹಾಗೆ ಮಾತಾಡುತ್ತಿದ್ದಳು. ಆಮೇಲೆ ಎಂದೂ ಅವಳ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಅಗ್ಗಿಷ್ಟಿಕೆಯನ್ನು ಅಲ್ಲೇ ಇಟ್ಟು ಬಾಗಿಲು ತಳ್ಳಿ ಒಳಗೆ ಹೋದೆ. ಯಾರೂ ನನ್ನನ್ನು ತಡೆಯಲಿಲ್ಲ.

ಕೋಣೆಯ ತುಂಬ ಹೊಗೆ. ಎರಡು ಕಂಬಳಿಯ ಕೆಳಗೆ ಅವಳು ಗಡಗಡ ನಡುಗುತ್ತಿದ್ದಳು. ನಾನು ಕಂಬಳಿಯ ಒಳಗೆ ಕೈ ಹಾಕಿದೆ. ಸೀರೆಯ ಸುತ್ತಿನ ಮೇಲೆ ಅಂಗೈ ಇಟ್ಟೆ.

ಆ ಕಾವು ಬೇರೆ. ನನ್ನ ಕೈಗೆ ಗೊತ್ತಾಯಿತು.

ಅಳಿಯ ಗಾಡಿ ತರಿಸುವಷ್ಟರಲ್ಲಿ ಲ್ಯಾಬಿನ ಹೆಣ್ಣುಮಗಳು ಮಾತಿನಂತೆ ಬಂದಳು. ಹೊರಡುವ ಗಡಿಬಿಡಿಯಲ್ಲೇ ಮಗಳ ತೋಳಿನಿಂದ ರಕ್ತ ತೆಗೆದುಕೊಂಡಳು. ಆಸ್ಪತ್ರೆಯ ದಾರಿಯಲ್ಲಿ ಮಾಧವರಂ ಬಸ್ ಸ್ಟ್ಯಾಂಡಿನ ಮುಂದೆ ಹೊರ ಊರಿನ ಬಸ್ಸುಗಳು ಅಡ್ಡಡ್ಡ ನಿಂತು ದಾರಿ ಕಟ್ಟಿತ್ತು. ಮಗಳ ತಲೆ ನನ್ನ ಹೆಗಲ ಮೇಲಿತ್ತು. ಒಮ್ಮೆ ಮಗುವಿಗೆ ಹಾಲು ಯಾರು ಕೊಡುತ್ತಾರೆ ಎಂದು ಕೇಳಿದಳು. ಅದೂ ಕನ್ನಡದಲ್ಲೇ. ಬಂದು ನೀನೇ ಕೊಡುವೆಯಂತೆ ಎಂದೆ.

ಆಸ್ಪತ್ರೆಯಲ್ಲಿ ಸೀರೆ ಬಿಚ್ಚಿದರು. ಹೊಲಿಗೆ ಮೇಲಿನಿಂದ ಕೂಡಿಕೊಂಡೇ ಇತ್ತು. ಒಂದು ತುದಿಯಲ್ಲಿ ಸ್ವಲ್ಪ ಕೆಂಪು, ಸ್ವಲ್ಪ ಒದ್ದೆ. ಅಷ್ಟೇ ಕಾಣುತ್ತಿದ್ದದ್ದು ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ಅವಳು ಹೇಳುವುದು ನಿಜ. ಡಾಕ್ಟರಮ್ಮ ಎರಡು ಹೊಲಿಗೆ ಬಿಡಿಸಿದಾಗ ಒಳಗಿದ್ದದ್ದು ಹೊರಗೆ ಬಂತು. ಅದರ ವಾಸನೆ ನಾನು ಬರೆಯುವುದಿಲ್ಲ. ವಿಷ ರಕ್ತಕ್ಕೆ ಸೇರಿದೆ ಎಂದರು. ಅಷ್ಟರಲ್ಲಿ ಅಳಿಯನ ಫೋನಿಗೆ ಬೆಳಗಿನ ರಕ್ತದ ಅಂಕಿ ಬಂತು. ಅವನು ಅದನ್ನು ನನಗೆ ತೋರಿಸಿದ. ಮೊದಲಿನದಕ್ಕಿಂತ ಎಷ್ಟೋ ಮೇಲಿತ್ತು. ಎರಡನೆಯ ಚುಕ್ಕಿ ಸಿಕ್ಕಿತ್ತು. ಅದರಿಂದ ಹೊಸದಾಗಿ ತಿಳಿಯಬೇಕಾದದ್ದು ಏನೂ ಉಳಿದಿರಲಿಲ್ಲ.

ಅವಳನ್ನು ಗಾಜಿನ ಬಾಗಿಲಿನಾಚೆ ಇಟ್ಟರು. ಮತ್ತೆ ನಾನೂ ಅಳಿಯನೂ ಬಾಗಿಲಿನ ಹೊರಗೆ ಕುರ್ಚಿಗಳಲ್ಲಿ ಕುಳಿತೆವು. ಈ ಸಲ ನನ್ನ ಹೆಂಡತಿಯೂ ದೊಡ್ಡವ್ವನೂ ಹೊರಗೇ. ಒಳಗಿನ ತಂಪು ಬಾಗಿಲು ತೆರೆದಾಗಲೆಲ್ಲ ಕಾಲಿಗೆ ಬಡಿಯುತ್ತಿತ್ತು. ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಷ್ಟ ಥಂಡಿಯೊಳಗ ಇಟ್ಟಾರಲ್ಲೋ, ಬಾಣಂತಿ ಅದಾಳು" ಎನ್ನುತ್ತಿದ್ದರು. ಕೆಲವು ದಿನ ಹಾಗೇ ನಡೆಯಿತು. ಮಗುವಿನ ಹೆಸರಿಡುವ ದಿನ ಬರುವ ಮೊದಲೇ ಅವಳು ಹೋದಳು.

ಕರ್ಮಗಳೆಲ್ಲ ಮುಗಿದ ಮೇಲೆ ನಾನೊಬ್ಬನೇ ಡಾಕ್ಟರಮ್ಮನನ್ನು ನೋಡಲು ಹೋದೆ. ಜಗಳಕ್ಕಲ್ಲ. ಒಂದೇ ಮಾತು ಕೇಳಬೇಕಿತ್ತು. ಪೂಜೆಯ ದಿನ ಬೆಳಿಗ್ಗೆ ರಕ್ತ ತೆಗೆದಿದ್ದರೆ ಅದು ಹೇಳುತ್ತಿತ್ತೇ? ಅವರು ಫೈಲು ತೆರೆದು ನೋಡಿದರು. ಹೇಳಿರಬಹುದು ಎಂದರು. ಅಂದೇ ಏರಿದ್ದರೆ ಒಂದು ದಿನ ಮೊದಲು ಔಷಧಿ ಶುರುವಾಗುತ್ತಿತ್ತು, ಒಂದು ದಿನ ಎಂದರೆ ಇಂಥದರಲ್ಲಿ ಬಹಳ. ಆದರೆ ಅಂದು ಇಳಿದೇ ಇತ್ತು, ಸಂಜೆಯ ಮೇಲೆ ತಿರುಗಿತು ಎಂದೂ ಇರಬಹುದು. ಕೆಲವರಿಗೆ ಹಾಗೂ ಆಗುತ್ತದೆ. ಆಗ ನಾನೇ ನಿಮಗೆ ಹೆದರಬೇಡಿ ಎಂದು ಹೇಳಿ ಕಳಿಸುತ್ತಿದ್ದೆ ಎಂದರು. ಗೊತ್ತಿಲ್ಲ, ಸಾರ್. ಯಾರೂ ಹೇಳಲಾರರು.

ದೊಡ್ಡವ್ವ ಊರಿಗೆ ಹೋದರು. ಈಗ ಯಾರು ಕರೆದರೂ ಬಾಣಂತನಕ್ಕೆ ಹೋಗುವುದಿಲ್ಲವಂತೆ. ಫೋನು ಮಾಡಿದಾಗಲೆಲ್ಲ ಮಗುವಿನ ಮೈ ಬಿಸಿ ಇದೆಯೇ ನೋಡಿರಿ ಎನ್ನುತ್ತಾರೆ. ನಾನು ಅವರಿಗೆ ಡಾಕ್ಟರಮ್ಮ ಹೇಳಿದ್ದರಲ್ಲಿ ಎರಡನೆಯ ಮಾತನ್ನು ಮಾತ್ರ ಹೇಳಿದ್ದೇನೆ. ನನ್ನ ಹೆಂಡತಿಗೂ ಅಷ್ಟೇ. ಅಳಿಯನಿಗೆ ಎರಡನ್ನೂ ಹೇಳಿದೆ. ಶನಿವಾರ ಕೋಡಂಬಾಕ್ಕಂನಿಂದ ಬಂದು ಭಾನುವಾರ ಸಂಜೆಯವರೆಗೆ ಮಗುವಿನ ಜೊತೆ ಇರುತ್ತಾನೆ. ಈಗ ಎತ್ತಿಕೊಳ್ಳಲು ಕೈ ನಡುಗುವುದಿಲ್ಲ.

ಮಗು ಹಲಗೆ ಹಿಡಿದು ನಿಲ್ಲುತ್ತದೆ. ಗೋಡೆಯಿಂದ ಇಳಿಸಿದ ಅದೇ ಕರಿಹಲಗೆ. ಒಂದು ಮಧ್ಯಾಹ್ನ ಮಗು ಮಲಗಿದ್ದಾಗ ನಾನು ಸೀಮೆಸುಣ್ಣ ತೆಗೆದುಕೊಂಡು ಮಗಳು ತೋರಿಸಿದ್ದ ಹಾಗೆ ಕೆಳಗೊಂದು ಚುಕ್ಕಿ ಇಟ್ಟೆ, ಮೂರನೆಯ ದಿನದ್ದು. ದೂರದಲ್ಲಿ, ಮೇಲೆ, ಇನ್ನೊಂದು. ಎಂಟನೆಯ ದಿನದ್ದು. ಎರಡನ್ನೂ ಕೂಡಿಸಿ ನೆಟ್ಟಗೆ ಗೆರೆ ಎಳೆಯಬಹುದು. ಆದರೆ ಆ ಗೆರೆ ಮೊದಲು ಕೆಳಗಿಳಿದು ಆಮೇಲೆ ಮೇಲೆದ್ದಿತೋ, ಶುರುವಿನಿಂದಲೇ ಏರುತ್ತಿತ್ತೋ, ಅದು ಇವೆರಡರಿಂದ ತಿಳಿಯುವುದಿಲ್ಲ. ಅವಳಿದ್ದಿದ್ದರೆ ಹಾಗೇ ಹೇಳುತ್ತಿದ್ದಳು. ಗೆರೆ ಎಳೆಯದೆ ಒರೆಸಿದೆ.

ಮಗುವಿಗೆ ತಾಯಿಯಿಲ್ಲ. ಏಳನೆಯ ದಿನದ ರಕ್ತದ ಅಂಕಿ ನಮ್ಮ ಹತ್ತಿರ ಇಲ್ಲ.